ಏಣಿಯ ಮೊಳ, ನನ್ನ ಮೊಳ

ಲೆಕ್ಕದ ಪುಸ್ತಕದೊಳಗಿನ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಒಬ್ಬ ಒಂದು ಗೋಡೆಯನ್ನು ಆರು ದಿನದಲ್ಲಿ ಕಟ್ಟುತ್ತಾನಂತೆ, ಇನ್ನೊಬ್ಬ ನಾಲ್ಕೇ ದಿನದಲ್ಲಿ ಕಟ್ಟುತ್ತಾನಂತೆ, ಇಬ್ಬರೂ ಸೇರಿದರೆ ಎಷ್ಟು ದಿನ ಬೇಕು ಎಂದು ಕೇಳುತ್ತಾರೆ. ಆ ಇಬ್ಬರಿಗೂ ಬಾಯಾರಿಕೆ ಇಲ್ಲ, ಮಂಡಿನೋವಿಲ್ಲ, ಒಬ್ಬರ ಮೇಲೊಬ್ಬರಿಗೆ ಸಿಟ್ಟಿಲ್ಲ. ಅಂಥವರು ಕಟ್ಟಿದ ಗೋಡೆಯನ್ನು ನಾನಂತೂ ಎಲ್ಲೂ ನೋಡಿಲ್ಲ.

ಆದರೂ ಆ ವಾರವಿಡೀ ಅವರದೇ ಸಹವಾಸ. ನನ್ನ ಮೈದುನನ ಮಗಳು ಪುಟ್ಟಿಗೆ ಸೋಮವಾರ ಬೀಜಗಣಿತದ ಪರೀಕ್ಷೆ ಇತ್ತು, ಓದಿಕೊಳ್ಳಲೆಂದು ಶಾಲೆಗೆ ರಜೆ. ನಮ್ಮ ಪರದೆ ಅಂಗಡಿಯ ಕಟಿಂಗ್ ಮೇಜಿನ ಒಂದು ಮೂಲೆ ಹಿಡಿದು, ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಹುಡುಗಿ ಚುರುಕು, ಉತ್ತರ ಸರಿಯಾಗಿಯೇ ಬರುತ್ತದೆ, ಆದರೆ ಉತ್ತರದ ಮುಂದೆ ಏನು ಎಂದು ಬರೆಯುವುದಿಲ್ಲ. ಹಿಂದಿನ ಪರೀಕ್ಷೆಯಲ್ಲಿ ಬರೀ 'ಹನ್ನೆರಡು' ಎಂದು ಬರೆದು ಬಂದಿದ್ದಳು. ಮೇಷ್ಟ್ರು ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಹನ್ನೆರಡು ಏನಮ್ಮ? ಗಂಟೆಯೋ, ಲೀಟರೋ, ಕೋಳಿಮರಿಯೋ?' ಎಂದು ಕೇಳಿದ್ದರು.

ಪುಟ್ಟಿಯ ತಾಯಿ ನನ್ನ ಓರಗಿತ್ತಿ. ಬೀದಿಯವರೆಲ್ಲ ಅವಳನ್ನು ಏಣಿ ಎಂದು ಕರೆಯುತ್ತಾರೆ. ಸ್ಟೂಲು ಹತ್ತದೆ ಪರದೆ ನೇತು ಹಾಕುವ ಹೆಂಗಸು ಈ ಊರಿನಲ್ಲಿ ಅವಳೊಬ್ಬಳೇ. ನನಗೂ ಒಂದು ಅಡ್ಡಹೆಸರಿದೆ, ಕತ್ತರಿ. ಅದು ನನ್ನ ಕೆಲಸಕ್ಕೋ ನಾಲಿಗೆಗೋ ಎಂದು ನಾನು ಯಾರನ್ನೂ ಕೇಳಲು ಹೋಗಿಲ್ಲ. ನಮ್ಮ ಗಂಡಂದಿರು ಅಣ್ಣತಮ್ಮ, ಇಬ್ಬರೂ ಲಾರಿ ಓಡಿಸುತ್ತಾರೆ, ಬಂದಾಗ ಬಂದರು. ಹಾಗಾಗಿ ಬೆಳಗಿನಿಂದ ಸಂಜೆವರೆಗೆ ನನಗೆ ಅವಳು, ಅವಳಿಗೆ ನಾನು. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿಪೆಟ್ಟಿಗೆ, ಮತ್ತು ಮುಗಿಯದ ಮಾತು.

ಆ ವಾರ ಮಾತು ಮಾತ್ರ ಇರಲಿಲ್ಲ. ಯಾಕೆ ಎಂದು ಹೇಳಿಬಿಡುತ್ತೇನೆ.

ಅಂಗಡಿ ಹಾಕಿದವರು ನಮ್ಮತ್ತೆ. ಅವರು ಟೇಪು ಮುಟ್ಟಿದವರಲ್ಲ. ಮೊಣಕೈಯಿಂದ ನಡುಬೆರಳ ತುದಿವರೆಗೆ ಒಂದು ಮೊಳ, ಐದು ಮೊಳ ಕಿಟಕಿ, ಮಡಿಕೆಗೆ ಮೇಲೊಂದು ಗೇಣು, ಮುಗಿಯಿತು. ನಮಗಿಬ್ಬರಿಗೂ ಹಾಗೇ ಕಲಿಸಿದರು. ಗೋಡೆಯ ಮೊಳೆಗೆ ಒಂದು ಟೇಪು ತೂಗುಹಾಕಿದ್ದೇವೆ, ಗಿರಾಕಿಗಳಿಗೆ ಧೈರ್ಯ ಬರಲಿ ಎಂದು. ಅತ್ತೆ ಇನ್ನೊಂದು ಕಟ್ಟಳೆಯನ್ನೂ ಮಾಡಿದ್ದರು. ಅಳೆದವಳೇ ಕತ್ತರಿಸಬೇಕು. ಯಾಕೆ ಎಂದು ಕೇಳಿದರೆ, 'ಹೇಳಿದಷ್ಟು ಮಾಡು' ಎನ್ನುತ್ತಿದ್ದರು. ಅವರು ಹೋದಮೇಲೆ ಅವರ ದೊಡ್ಡ ಕತ್ತರಿ ನನ್ನ ಕೈಗೆ ಬಂತು. ಅಲ್ಲಿಂದಾಚೆ ಅಳೆಯುವುದೂ ನಾನೇ, ಕತ್ತರಿಸುವುದೂ ನಾನೇ, ಏಣಿಗೆ ಹೊಲಿಗೆ. ಇದರಲ್ಲಿ ಯಾರಿಗಾದರೂ ಬೇಜಾರಿರಬಹುದು ಎಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಊರಿನ ಗ್ರಂಥಾಲಯಕ್ಕೆ ಹೊಸದಾಗಿ ಸುಣ್ಣಬಣ್ಣ ಬಳಿದು, ಓದುವ ಕೋಣೆಗೆ ಹನ್ನೆರಡು ಪರದೆ ಬೇಕೆಂದು ಹೇಳಿಕಳಿಸಿದರು. ನನ್ನ ಮಂಡಿ ಊದಿಕೊಂಡಿತ್ತು. ಏಣಿ ಹೋಗಿ ಅಳೆದು ಬಂದಳು. "ಎಲ್ಲಾ ಕಿಟಕಿನೂ ಐದು ಮೊಳ ಅಕ್ಕಾ, ಒಂದು ಕೂದಲೂ ಆಚೀಚೆ ಇಲ್ಲ" ಎಂದು ಖುಷಿಯಾಗಿ ಹೇಳಿ, ದೊಡ್ಡ ಕತ್ತರಿಗೆ ಕೈ ಚಾಚಿದಳು.

"ಇರು ಇರು, ಒಳ್ಳೇ ಬಟ್ಟೆ ಇದು. ನಾನೇ ಕತ್ತರಿಸ್ತೀನಿ" ಎಂದೆ.

ಚಾಚಿದ ಕೈ ಹಾಗೇ ಹಿಂದೆ ಹೋಯಿತು. ಅವಳು ಜಗಳವಾಡುವ ದನಿಯಲ್ಲೂ ಅಲ್ಲ, ಅಳುವ ದನಿಯಲ್ಲೂ ಅಲ್ಲ, ಹವಾಮಾನ ಹೇಳುವವಳ ಹಾಗೆ ಹೇಳಿದಳು: "ಈ ಕೆಲಸ ಮುಗಿದ್ಮೇಲೆ ನಾನು ಬೇರೆ ಅಂಗಡಿ ಇಡ್ತೀನಕ್ಕ. ಬೀದಿ ಕೊನೇಲಿ ಒಂದು ಕೋಣೆ ಖಾಲಿ ಇದೆ."

"ಇಡಮ್ಮ, ಧಾರಾಳವಾಗಿ ಇಡು" ಎಂದು ನಾನೂ ಮುಖ ಊದಿಸಿಕೊಂಡು ಬಟ್ಟೆ ಹರಡಿದೆ. ಹಾಗೆಂದದ್ದು ಬಾಯಿ ಮಾತ್ರ. ಅವಳಿಲ್ಲದ ಅಂಗಡಿ ನನಗೆ ಬೇಡ. ಆದರೆ ಅದನ್ನು ಹೇಳುವುದಕ್ಕೆ ನನ್ನ ನಾಲಿಗೆ ಏಳಬೇಕಲ್ಲ!

ಶುಕ್ರವಾರ ಬೆಳಗ್ಗೆ ಪರದೆ ಹೊತ್ತುಕೊಂಡು ಗ್ರಂಥಾಲಯಕ್ಕೆ ಹೋದೆವು. ಏಣಿ ಮೊದಲ ಕಿಟಕಿಗೆ ನೇತು ಹಾಕಿದಳು. ಪರದೆಯ ಕೆಳಗೆ ಬಿಸಿಲು ಕಾಲುಚಾಚಿ ಕೂತಿತ್ತು. ಎರಡನೆಯದೂ ಹಾಗೇ. ಗ್ರಂಥಪಾಲಕರು ಸಂಭಾವಿತ ಮನುಷ್ಯ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. "ಕಿಟಕಿಗೆ ಚಡ್ಡಿ ಹಾಕಿದ ಹಾಗೆ ಕಾಣುತ್ತಲ್ಲಮ್ಮ" ಎಂದರು. ಮರುದಿನ ಬೆಳಗ್ಗೆಯೇ ಕೋಣೆ ತೆರೆಯುವುದಿತ್ತು. ಅವತ್ತು ಸಂಜೆ ಐದಕ್ಕೆ ಬೀಗ ಬೀಳುತ್ತದೆ, ಅಷ್ಟರೊಳಗೆ ಆದರೆ ಸರಿ, ಇಲ್ಲದಿದ್ದರೆ ಪರದೆ ಇಲ್ಲದೆಯೇ ತೆರೆಯುತ್ತೇವೆ ಎಂದರು.

ದಾರಿಯುದ್ದಕ್ಕೂ ನಮ್ಮ ಬಾಯಿಗೆ ಬೀಗ. ಅಂಗಡಿ ಒಳಗೆ ಕಾಲಿಟ್ಟದ್ದೇ ತಡ, ಬೀಗ ಮುರಿಯಿತು.

"ನೀನು ಅಳತೆ ತಪ್ಪು ತಂದಿದೀಯ!"

"ನೀವು ಕತ್ತರಿಸಿದ್ದು ತಪ್ಪು! ನಾನು ಎರಡೆರಡು ಸಲ ಅಳೆದಿದೀನಿ, ಐದು ಮೊಳ!"

"ನಾನು ಕತ್ತರಿಸಿದ್ದೂ ಐದು ಮೊಳಾನೇ!"

ಪುಟ್ಟಿ ಪುಸ್ತಕ ಮುಚ್ಚಿ, ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಮೊಳೆಯಿಂದ ಟೇಪು ತೆಗೆದುಕೊಂಡಳು. "ದೊಡ್ಡಮ್ಮ, ಕೈ ಚಾಚಿ" ಎಂದಳು. ನನ್ನದು ಹದಿನೇಳು ಇಂಚು. ಅವಳಮ್ಮನದು ಹತ್ತೊಂಬತ್ತು. ಒಂದು ಮೊಳಕ್ಕೆ ಎರಡು ಇಂಚು ವ್ಯತ್ಯಾಸ, ಐದು ಮೊಳಕ್ಕೆ ಹತ್ತು. ಗ್ರಂಥಾಲಯದ ಬಿಸಿಲು ಕಾಲುಚಾಚಿದ್ದು ಅಷ್ಟೇ ಜಾಗದಲ್ಲಿ.

ಅಳೆದವಳೇ ಕತ್ತರಿಸಬೇಕು! ಅತ್ತೆಯ ಹಟ ಎಂದುಕೊಂಡಿದ್ದೆವಲ್ಲ, ಅದಕ್ಕೊಂದು ಕಾರಣ ಇತ್ತು. ಒಬ್ಬಳದೇ ಕೈ ಆದರೆ ಮೊಳ ಎಷ್ಟಿದ್ದರೇನು, ಕಿಟಕಿಗೂ ಅದೇ, ಬಟ್ಟೆಗೂ ಅದೇ. ಬಾಯಿ ಬಿಟ್ಟು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಏಣಿ ನನ್ನ ಮುಖ ನೋಡಿದಳು. ನಾನು ಸೀಲಿಂಗ್ ಫ್ಯಾನು ನೋಡಿದೆ.

"ಕೆಳಗೆ ಒಂದು ಪಟ್ಟಿ ಸೇರಿಸೋಣ" ಎಂದಳು ಕೊನೆಗೆ ಅವಳೇ. "ಹತ್ತಿಂಚು, ಮಡಿಕೆಗೆ ಎರಡಿಂಚು. ಕಡುನೀಲಿ ಬಟ್ಟೆ ಮಿಕ್ಕಿದೆಯಲ್ಲ?"

ಕಡುನೀಲಿ ನಾಲ್ಕು ಮೀಟರ್ ಇತ್ತು. ಅಗಲ ಪರದೆಯಷ್ಟೇ, ಚಿಂತೆಯಿಲ್ಲ. ಉದ್ದ ಸಾಕಾಗುತ್ತದೆಯೇ ಎನ್ನುವುದೇ ಪ್ರಶ್ನೆ. ಪಟ್ಟಿ ಇಂಚಿನಲ್ಲಿ, ಬಟ್ಟೆ ಮೀಟರಿನಲ್ಲಿ, ನನ್ನ ತಲೆ ಮೊಳದಲ್ಲಿ. ಪುಟ್ಟಿ ಪೆನ್ಸಿಲ್ ಎತ್ತಿಕೊಂಡಳು. ಹನ್ನೆರಡು ಪಟ್ಟಿ, ಒಂದೊಂದು ಹನ್ನೆರಡು ಇಂಚು, ಒಟ್ಟು ನೂರ ನಲವತ್ತನಾಲ್ಕು ಇಂಚು. ಇಂಚಿಗೆ ಎರಡೂವರೆ ಸೆಂಟಿಮೀಟರ್‌ಗಿಂತ ಚೂರು ಜಾಸ್ತಿ. ಗುಣಿಸಿ, ನೂರರಿಂದ ಭಾಗಿಸಿ, "ಮೂರು ಪಾಯಿಂಟ್ ಆರು ಆರು" ಎಂದಳು.

"ಏನು? ಕೋಳಿಮರಿಯಾ?" ಎಂದೆ.

"ಮೀಟರ್ ದೊಡ್ಡಮ್ಮ, ಮೀಟರ್! ಸಾಕಾಗುತ್ತೆ!"

ಒಂದು ಗಂಟೆ ಹೊಡೆಯಿತು. ಇಬ್ಬರೂ ಯಂತ್ರಕ್ಕೆ ಕೂತೆವು. ಒಂದೊಂದು ಪರದೆಗೆ ಎಷ್ಟು ಹೊತ್ತು ಬೇಕು ಎಂದು ಪುಟ್ಟಿ ಕೇಳಿದಳು. "ನನಗೆ ಇಪ್ಪತ್ತು ನಿಮಿಷ, ನಿಮ್ಮಮ್ಮಂಗೆ ಅರ್ಧ ಗಂಟೆ" ಎಂದೆ, ಯೋಚಿಸದೆ. ಈ ಅಂಗಡಿಯಲ್ಲಿ ಚುರುಕು ನಾನು ಎಂದು ನಾನೇ ಎಂದೋ ತೀರ್ಮಾನಿಸಿದ್ದೆ. ಹುಡುಗಿ ಗಡಿಯಾರ ನೋಡುತ್ತಾ ಕೂತಳು. ಏಣಿ ಮೊದಲ ಪರದೆ ಮಡಿಸಿಟ್ಟು ಎರಡನೆಯದರ ಅರ್ಧಕ್ಕೆ ಬಂದಾಗ ನನ್ನ ಮೊದಲನೆಯದು ಮುಗಿಯಿತು.

"ತಿರುಗಾಮುರುಗಾ ಆಯ್ತು ದೊಡ್ಡಮ್ಮ" ಎಂದಳು ಪುಟ್ಟಿ, ಪಾಪ, ಮೆತ್ತಗೆ. "ಅಮ್ಮಂಗೆ ಇಪ್ಪತ್ತು ನಿಮಿಷ. ಅರ್ಧ ಗಂಟೆ ನಿಮಗೆ."

ಮುಖಕ್ಕೆ ಹೊಡೆದ ಹಾಗಾಯಿತು. ಏಣಿ ತಲೆ ಎತ್ತಲಿಲ್ಲ, ತುಟಿಯ ಒಂದು ಕೊನೆ ಮಾತ್ರ ಸ್ವಲ್ಪ ಮೇಲೆ ಹೋಯಿತು.

ಪುಟ್ಟಿ ಬರೆದು ತೋರಿಸಿದಳು. ಗಂಟೆಗೆ ನನ್ನವು ಎರಡು ಪರದೆ, ಅವಳಮ್ಮನವು ಮೂರು. ಬೇಕಾದ ಗಂಟೆಗೆ 'ಕ್ಷ' ಎಂದು ಹೆಸರಿಟ್ಟಳು. ಎರಡು ಕ್ಷ, ಮೂರು ಕ್ಷ, ಸೇರಿಸಿದರೆ ಐದು ಕ್ಷ, ಅದು ಹನ್ನೆರಡಕ್ಕೆ ಸಮ. "ಕ್ಷ ಅಂದ್ರೆ ಎರಡು ಪಾಯಿಂಟ್ ನಾಲ್ಕು ಗಂಟೆ! ಎರಡು ಗಂಟೆ ನಲವತ್ತು ನಿಮಿಷ!"

"ತಡಿಯೇ" ಎಂದೆ. ಬೀಜಗಣಿತ ನನಗೆ ಬಾರದು, ಗಂಟೆ ಬರುತ್ತದೆ. "ಪಾಯಿಂಟ್ ಐದು ಗಂಟೆ ಅಂದ್ರೆ ಎಷ್ಟು?"

"ಅರ್ಧ ಗಂಟೆ. ಮೂವತ್ತು ನಿಮಿಷ."

"ಐದಕ್ಕೇ ಮೂವತ್ತಾದ್ರೆ, ನಾಲ್ಕಕ್ಕೆ ನಲವತ್ತು ಹೆಂಗೇ ಆಗುತ್ತೆ?"

ಹುಡುಗಿ ಹಣೆ ಚಚ್ಚಿಕೊಂಡು, ಅರವತ್ತರಿಂದ ಗುಣಿಸಿ, ಇಪ್ಪತ್ತನಾಲ್ಕು ಎಂದು ಬರೆದು, ಅದರ ಮುಂದೆ ದಪ್ಪ ಅಕ್ಷರದಲ್ಲಿ 'ನಿಮಿಷ' ಎಂದು ಬರೆದಳು. ಮೂರು ಇಪ್ಪತ್ತನಾಲ್ಕಕ್ಕೆ ಮುಗಿಯಬೇಕು. ಹೋಗಿ ನೇತು ಹಾಕಲು ಬೇಕಾದಷ್ಟು ಸಮಯ.

"ಒಬ್ಬೊಬ್ಬರೇ ಮಾಡಿದ್ರೆ?" ಎಂದು ಕೇಳಿದವಳು ಏಣಿ. ದನಿಯಲ್ಲಿ ಏನೂ ಇರಲಿಲ್ಲ.

"ನಿಂಗೆ ನಾಲ್ಕು ಗಂಟೆ, ಬೀಗ ಹಾಕೋ ಹೊತ್ತಿಗೆ ಸರಿಯಾಗಿ ಮುಗಿಯುತ್ತೆ. ದೊಡ್ಡಮ್ಮಂಗೆ ಆರು."

ಆರು ಗಂಟೆ. ಆ ಅಂಕಿ ನನ್ನ ಮನಸ್ಸಿಗೆ ನಾಟಿಕೊಂಡಿತು. ಬೀದಿಯ ಕೊನೆಗೆ ಅವಳು ಹೋದಮೇಲೆ ಈ ಮೇಜು, ಈ ಇಸ್ತ್ರಿ, ಆಚೆ ಕಡೆ ಸದ್ದಿಲ್ಲದ ಒಂದು ಯಂತ್ರ, ಮತ್ತು ನಾನು.

ಮತ್ತೊಂದು ಗಂಟೆ ಮಾತಿಲ್ಲದೆ ಹೊಲಿದೆವು, ಲೆಕ್ಕದ ಪುಸ್ತಕದ ಜನರ ಹಾಗೆಯೇ. ಆಮೇಲೆ ಇಸ್ತ್ರಿಪೆಟ್ಟಿಗೆಗೆ ಇಬ್ಬರೂ ಒಟ್ಟಿಗೆ ಕೈಹಾಕಿದೆವು. "ತಗೊಳ್ಳಿ" ಎಂದಳು. "ನೀನೇ ತಗೋ, ನೀನು ಚುರುಕಲ್ವಾ" ಎಂದೆ. ಅವಳು ನಗು ತಡೆಯಲು ನೋಡಿದಳು, ಆಗಲಿಲ್ಲ. ಗ್ರಂಥಪಾಲಕರ ಹಾಗೆ ಇಲ್ಲದ ಕನ್ನಡಕ ಒರೆಸಿಕೊಂಡು "ಕಿಟಕಿಗೆ ಚಡ್ಡಿ" ಎಂದಳು. ಸರಿ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಲ್ಲಿಂದ ಮಾತು ಶುರುವಾಯಿತು. ಅತ್ತೆಯ ಗುಟ್ಟುಬುದ್ಧಿ, ಎದುರುಮನೆ ಹೊಸ ಸೊಸೆ, ಗಂಡಂದಿರ ಗೊರಕೆ, ಒಂದು ವಾರದ ಬಾಕಿಯೆಲ್ಲ ತೀರಬೇಕಿತ್ತಲ್ಲ! "ಮಾತಾಡ್ತಾ ಕೂತ್ರೆ ನನ್ನ ಲೆಕ್ಕ ತಪ್ಪುತ್ತೆ" ಎಂದು ಪುಟ್ಟಿ ಮಧ್ಯೆ ಮಧ್ಯೆ ಗೋಗರೆದಳು. ತಪ್ಪಿತು. ಕೊನೆಯ ಪರದೆ ಮಡಿಸುವಾಗ ನಾಲ್ಕು ಹೊಡೆಯಿತು.

ಗ್ರಂಥಾಲಯಕ್ಕೆ ಓಡಿದೆವು, ನನ್ನ ಮಂಡಿಗೆ ಎಷ್ಟು ಓಡಲಾದೀತೋ ಅಷ್ಟು. ನಾನು ಕೊಂಡಿ ಸಿಕ್ಕಿಸಿ ಕೊಡುತ್ತಾ ಹೋದೆ, ಏಣಿ ಕೈ ಎತ್ತಿ ನೇತು ಹಾಕುತ್ತಾ ಹೋದಳು. ಹನ್ನೆರಡೂ ನೆಲದ ಹತ್ತಿರಕ್ಕೆ ನೆಟ್ಟಗೆ ಇಳಿದವು. ಕಡುನೀಲಿ ಅಂಚು ಎಷ್ಟು ಚೆನ್ನಾಗಿ ಕಂಡಿತೆಂದರೆ, ಗ್ರಂಥಪಾಲಕರು ಇದು ಮೊದಲೇ ಯೋಚಿಸಿ ಮಾಡಿದ್ದಾ ಎಂದು ಕೇಳಿದರು. ನಾನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ಅವರು ಬೀಗದಕೈ ತರಲು ಒಳಗೆ ಹೋದರು. ಪುಟ್ಟಿ ಕಪಾಟುಗಳ ನಡುವೆ ಎಲ್ಲೋ ಇದ್ದಳು. ಕೋಣೆಯಲ್ಲಿ ನಾವಿಬ್ಬರೇ. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎನಿಸಿತು.

"ಹೋಗಬೇಡ ಕಣೇ" ಎಂದೆ. "ನೀನಿಲ್ಲದಿದ್ರೆ ನಂಗೆ ಆರು ಗಂಟೆ ಹಿಡಿಯುತ್ತೆ."

ಏಣಿ ಒಂದು ನೆರಿಗೆ ಸರಿಮಾಡಿದಳು. "ನೀವಿಲ್ಲದಿದ್ರೆ ನಂಗೆ ನಾಲ್ಕೇ ಗಂಟೆ ಅಕ್ಕ. ಲೆಕ್ಕ ನೋಡಿದ್ರೆ ಹೋಗೋದೇ ಸರಿ."

ನಾನು ಕೊಂಡಿಗಳ ಡಬ್ಬ ಮುಚ್ಚಿದೆ.

"ಆದ್ರೆ ಆ ನಾಲ್ಕು ಗಂಟೆ ನಾನು ಯಾರ ಹತ್ರ ಮಾತಾಡ್ಲಿ?" ಎಂದಳು.

ನನ್ನ ಕಣ್ಣು ತುಂಬಿತು. ಅವಳ ಕಣ್ಣು ಹೇಗಿತ್ತೋ, ಅಷ್ಟು ಎತ್ತರಕ್ಕೆ ನೋಡುವ ಧೈರ್ಯ ನನಗಿರಲಿಲ್ಲ.

ಗ್ರಂಥಪಾಲಕರು ಬೀಗದಕೈ ಆಡಿಸುತ್ತಾ ಬಂದರು. ತಮ್ಮ ಕೋಣೆಯ ಕಿಟಕಿಗೂ ಇಂಥದೇ ಒಂದು ಪರದೆ ಆಗಬಹುದೇ, ನೀಲಿ ಅಂಚು ಮಾತ್ರ ಇರಲೇಬೇಕು ಎಂದರು. ಏಣಿ ಹೋಗಿ ಕಿಟಕಿಗೆ ಮೊಣಕೈ ಊರಿ ಅಳೆದಳು. "ಮೂರು ಮೊಳ" ಎಂದಳು, ಅಭ್ಯಾಸದ ಮೇಲೆ ನನ್ನ ಕಡೆ ತಿರುಗಿ.

"ಯಾರ ಮೊಳ?" ಎಂದೆ.

"ನಂದು."

ನಾನು ಚೀಲಕ್ಕೆ ಕೈಹಾಕಿ ಅತ್ತೆಯ ದೊಡ್ಡ ಕತ್ತರಿ ತೆಗೆದು, ಹಿಡಿಕೆಯನ್ನು ಅವಳ ಕಡೆ ಮಾಡಿ ಚಾಚಿದೆ.