ಪಾಲಿನ ಕೋಳಿ

ಹಿತ್ತಿಲ ಮರಳಿನ ಮೇಲೆ ಆ ಬೆಳಗ್ಗೆ ಎರಡು ಗೆರೆಗಳಿದ್ದವು. ನಡುವೆ ಕೋಳಿಯ ಹೆಜ್ಜೆ, ಆಚೆಗೊಂದು ಈಚೆಗೊಂದು ಗೆರೆ. ಯಾರೋ ಮಕ್ಕಳು ಕಡ್ಡಿ ಎಳೆದಾಡಿದ್ದಾರೆ ಎಂದುಕೊಂಡು ಗೆರೆ ಹಿಡಿದು ನಡೆದೆ. ಬಾವಿಕಟ್ಟೆಯ ನೆರಳಲ್ಲಿ ನಮ್ಮ ಚುಕ್ಕೆ ಕೋಳಿ ನಿಂತಿತ್ತು. ಅದರ ಎರಡೂ ರೆಕ್ಕೆಗಳು ಜೋತುಬಿದ್ದು ತುದಿ ನೆಲಕ್ಕೆ ತಾಗುತ್ತಿತ್ತು. ಕಾಳು ಚೆಲ್ಲಿದೆ. ಕಾಳನ್ನು ನೋಡಿತೇ ಹೊರತು ಕೊಕ್ಕು ಇಳಿಸಲಿಲ್ಲ.

ಎಷ್ಟೋ ವರ್ಷಗಳ ಮೇಲೆ ರಾತ್ರಿ ಶಾಲೆಯಲ್ಲಿ ಮೇಷ್ಟ್ರು ನನ್ನ ಸ್ಲೇಟಿನ ಮೇಲೆ ಎರಡು ಗೆರೆ ಎಳೆದು, "ಇವುಗಳ ನಡುವೆ ಬರೀಬೇಕು ತಾಯಿ" ಅಂದಾಗ ನನ್ನ ಕೈ ಏಳಲಿಲ್ಲ. ಮುದುಕಿ ನಾಚುತ್ತಿದ್ದಾಳೆ ಎಂದು ಅವರು ನಕ್ಕು ಮುಂದೆ ಹೋದರು.

ನದಿದಂಡೆಯ ಆ ಊರಿನಲ್ಲಿ ನಮ್ಮದು ಮೀನು ಹಿಡಿಯುವವರ ಬೀದಿ. ಗಂಡ ದೋಣಿಯಲ್ಲಿ ಹೋದರೆ ವಾರಗಟ್ಟಲೆ ಮನೆ ಮುಟ್ಟುತ್ತಿರಲಿಲ್ಲ. ಮನೆಯಲ್ಲಿದ್ದದ್ದು ಮಾವ, ನಾನು, ಮೂರು ತುಂಬಿದ್ದ ಮಗಳು ಹೊನ್ನಿ. ಮಾವ ಬೀಸುಬಲೆ ಹೆಣೆಯುವುದರಲ್ಲಿ ಹೆಸರಾದವರು. ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳನ್ನು ಅವರೇ ಎರೆಯುತ್ತಿದ್ದರು. ಕಬ್ಬಿಣದ ಸೌಟಿನಲ್ಲಿ ಸೀಸ ಕರಗಿಸಿ, ಹಸಿ ಮಣ್ಣಿನ ಅಚ್ಚಿಗೆ ಸುರಿದು, ಆರಿದ ಮೇಲೆ ಒಂದೊಂದಾಗಿ ತಟ್ಟಿ ತೆಗೆಯುತ್ತಿದ್ದರು. ಹೊಳೆಯ ದಂಡೆಯಲ್ಲಿ ನಡೆಯುತ್ತಿದ್ದ ಆ ಕೆಲಸ, ಅವರ ಮೊಣಕಾಲು ಕೈಕೊಟ್ಟ ಮೇಲೆ ನಮ್ಮ ಹಿತ್ತಿಲಿಗೆ ಬಂದಿತ್ತು.

ಹಿತ್ತಿಲ ಗೋಡೆಯಾಚೆ ಸಿದ್ದಾಜಮ್ಮನ ಮನೆ. ನನಗಿಂತ ಹದಿನೈದು ವರ್ಷಕ್ಕೆ ಹಿರಿಯಳು, ಒಂಟಿ ಹೆಂಗಸು. ನನ್ನ ಹೆರಿಗೆಯಲ್ಲಿ ಹೊನ್ನಿಯನ್ನು ಮೊದಲು ಹಿಡಿದದ್ದು ಅವಳೇ. ನಮ್ಮ ಕಡೆ ಕೋಳಿಯನ್ನು ಪಾಲಿಗೆ ಕೊಡುವುದುಂಟು. ಹೇಂಟೆ ಒಬ್ಬಳದು, ಸಾಕುವವಳು ಇನ್ನೊಬ್ಬಳು. ಮರಿ ದೊಡ್ಡವಾದ ಮೇಲೆ ಅರ್ಧ ಅವಳಿಗೆ, ಅರ್ಧ ಇವಳಿಗೆ. ನನ್ನ ಕೋಳಿಗಳೆಲ್ಲ ಸಿದ್ದಾಜಕ್ಕ ಪಾಲಿಗೆ ಕೊಟ್ಟ ಒಂದು ಹೇಂಟೆಯ ಸಂತಾನ. ದಿನಾ ಸಂಜೆ ಬಂದು ಒಂದೊಂದನ್ನೂ ಎತ್ತಿ ಅಂಗೈಯಲ್ಲಿ ತೂಗಿ ನೋಡುತ್ತಿದ್ದಳು.

"ನಿನ್ನ ಕೋಳಿ ನಿನಗಿಂತ ದಪ್ಪ ಆಗವೆ ಕಣಮ್ಮಿ! ಕಾಳು ಅವಕ್ಕೆ ಹಾಕಿ, ತೌಡು ನೀನು ತಿಂತೀಯೇನು?"

ಹಾಗೆ ತೂಗಿದ ಕೋಳಿಗಳು ಇಳಿಯತೊಡಗಿದವು. ಚುಕ್ಕೆ ಕೋಳಿ ಆರು ದಿನ ರೆಕ್ಕೆ ಎಳೆದು ಏಳನೆಯ ದಿನ ಮಲಗಿಬಿಟ್ಟಿತು. ಆಮೇಲೆ ಕೆಂದಿ, ಆಮೇಲೆ ಬೋಳುಕತ್ತಿನದು. ಪ್ರತಿ ಸಲವೂ ಮೊದಲು ಮರಳಿನ ಮೇಲೆ ಆ ಗೆರೆ. ಕೊಕ್ಕರೆ ರೋಗ ಬಂದರೆ ಬೀದಿಗೆ ಬೀದಿಯೇ ಎರಡು ದಿನದಲ್ಲಿ ಖಾಲಿಯಾಗುತ್ತದೆ. ಇದು ಹಾಗಲ್ಲ. ಒಂದನ್ನು ಮುಗಿಸಿ, ತಡೆದು, ಇನ್ನೊಂದನ್ನು ಹಿಡಿಯುತ್ತಿತ್ತು. ಹಿಕ್ಕೆ ಹಸಿರು. ಈರುಳ್ಳಿ ಅರೆದು ತಿನ್ನಿಸಿದೆ, ಅರಿಸಿನದ ನೀರು ಕುಡಿಸಿದೆ, ಬೇವಿನ ಹೊಗೆ ಹಾಕಿದೆ. ದನದ ಆಸ್ಪತ್ರೆಯಿಂದ ತಂದ ಪುಡಿಯೂ ಮುಗಿಯಿತು. ತಾನಾಗಿ ಸತ್ತ ಕೋಳಿಯನ್ನು ನಮ್ಮಲ್ಲಿ ಕೊಯ್ಯುವುದಿಲ್ಲ. ಕೊಯ್ದರೆ ಒಳಗಿನ ರೋಗ ಹೊರಗೆ ಬಂದು ಮನೆಯವರನ್ನು ಹಿಡಿಯುತ್ತದೆ ಅನ್ನುವ ಮಾತು. ಉಪ್ಪು ಹಾಕಿ ಇಡಿಯಾಗಿ ಹೂಳಬೇಕು. ನುಗ್ಗೆಮರದ ಬುಡದಲ್ಲಿ ಏಳು ಕೋಳಿಗಳನ್ನು ಹಾಗೆ ಹೂತೆ.

ಎಂಟನೆಯದು ರೆಕ್ಕೆ ಎಳೆಯತೊಡಗಿದ ಹೊತ್ತಿಗೆ ಹೊನ್ನಿ ಊಟ ಬಿಟ್ಟಳು.

ಮೊದಮೊದಲು ಹಟ ಅಂದುಕೊಂಡೆ. ಆಮೇಲೆ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗತೊಡಗಿದಳು. ತುತ್ತು ಬಾಯಿಗಿಟ್ಟರೆ ಉಗುಳುವಳು. ಓಡಾಡುತ್ತಿದ್ದ ಮಗು ಹತ್ತು ಹೆಜ್ಜೆ ನಡೆದು ಕೂತುಬಿಡುವಳು. ಕೋಳಿಗೆ ಬಂದದ್ದೇ ಮಗಳಿಗೂ ಬಂತು ಅನ್ನುವ ಮಾತನ್ನು ಆಡಲು ನಾನು ಹೆದರಿದ್ದೆ. ಅದನ್ನು ಮಾವ ಆಡಿಬಿಟ್ಟರು.

"ಎತ್ತಿ ಎತ್ತಿ ತೂಗಿದ್ದು ಯಾರು? ಕೈಗುಣ ಅನ್ನೋದು ಸುಮ್ಮನೆ ಹುಟ್ಟಿದ ಮಾತಲ್ಲ ಕಣವ್ವ."

ಆ ಮಾತು ನನ್ನೊಳಗೆ ಬೇರು ಬಿಟ್ಟಿತು. ಮಾರನೆಯ ದಿನ ಸಿದ್ದಾಜಕ್ಕ ಮಜ್ಜಿಗೆ ತಂದಳು. ಹೊನ್ನಿಯ ಹೊಟ್ಟೆ ಮುಟ್ಟಲು ಬಾಗಿದಳು.

"ಮುಟ್ಟಬೇಡ ಸಿದ್ದಾಜಕ್ಕ."

"ಏನಂದೆ?"

"ಕೋಳಿ ಮುಟ್ಟಿದ್ದು ಸಾಕು. ಮಗೂನ ಬಿಡು."

ಅವಳು ಮಜ್ಜಿಗೆಯ ಚೊಂಬನ್ನು ನೆಲಕ್ಕಿಟ್ಟಳು. ಕೂಗಾಡುತ್ತಾಳೆಂದು ಕಾದೆ. ಅವಳು ಹಿತ್ತಿಲನ್ನೇ ನೋಡುತ್ತಾ ಮೆಲ್ಲಗೆ ಕೇಳಿದಳು.

"ನನ್ನ ಮನೆ ಕೋಳೀನೂ ದಿನಾ ಮುಟ್ತೀನಲ್ಲಮ್ಮಿ. ಅವು ಯಾಕೆ ಸಾಯ್ಲಿಲ್ಲ? ರೋಗ ಆದ್ರೆ ಅದಕ್ಕೆ ಗೋಡೆ ಗೊತ್ತಾ? ಸಾಯೋದು ನಿನ್ನ ಹಿತ್ತಿಲು ಕೆದಕೋವು ಮಾತ್ರ. ಒಂದನ್ನಾದರೂ ಕೊಯ್ದು ನೋಡಿದ್ಯಾ?"

"ಸತ್ತಿದ್ದನ್ನ ಯಾರಾದರೂ ಕೊಯ್ತಾರಾ?" ಎಂದರು ಮಾವ, ಬಲೆಯಿಂದ ತಲೆಯೆತ್ತದೆ.

"ಕೊಯ್ಯಲ್ಲ ಅಲ್ವಾ? ಸರಿ. ನನ್ನ ಪಾಲು ಕೊಟ್ಟುಬಿಡಿ. ಅದೋ ಆ ರೆಕ್ಕೆ ಎಳೀತಾ ಇರೋದು ನನ್ನ ಪಾಲಿಂದು."

ಪಾಲು ಕೇಳಿದರೆ ಇಲ್ಲವೆನ್ನುವಂತಿಲ್ಲ. ಅದು ಎಲ್ಲರೂ ಒಪ್ಪಿ ನಡೆಸಿಕೊಂಡು ಬಂದ ಕಟ್ಟಳೆ. ಎಂಟನೆಯ ಕೋಳಿಯನ್ನು ನಾನೇ ಹಿಡಿದು ಅವಳಿಗೆ ಕೊಟ್ಟೆ. ನನ್ನ ಕೈ ಅವಳ ಕೈಗೆ ತಾಗದ ಹಾಗೆ ಕೊಟ್ಟೆ.

ಕೋಳಿ ಮಾರನೆಯ ಮಧ್ಯಾಹ್ನ ಸತ್ತಿತು. ಸಿದ್ದಾಜಕ್ಕ ಅದನ್ನು ಮನೆಯೊಳಗೆ ಕೊಯ್ಯಲಿಲ್ಲ. ಬೀದಿಯ ಒಗೆಯುವ ಕಲ್ಲಿನ ಮೇಲೆ, ಬಟ್ಟೆ ಒಗೆಯಲು ಬಂದಿದ್ದ ಹೆಂಗಸರೆಲ್ಲ ಸೆರಗು ಮೂಗಿಗೆ ಹಿಡಿದು ಹಿಂದೆ ಸರಿಯುತ್ತಿದ್ದಂತೆ, ಈಳಿಗೆಮಣೆ ಇಟ್ಟುಕೊಂಡು ಕೂತಳು. "ಅಯ್ಯೋ, ಊರಿಗೇ ಅಂಟಿಸ್ತಾಳಲ್ಲೇ!" ಎಂದು ಒಬ್ಬಳು ಕೂಗಿದಳು. "ಅಂಟಿದ್ರೆ ಮೊದಲು ನನಗೇ ಅಂಟ್ಲಿ, ನೀನು ನಿನ್ನ ಗಂಡನ ಪಂಚೆ ಹಿಂಡು" ಎಂದಳು ಸಿದ್ದಾಜಕ್ಕ. ಹೊನ್ನಿಯನ್ನು ಕಂಕುಳಲ್ಲಿ ಹೊತ್ತು ನಾನು ನಮ್ಮ ಬಾಗಿಲಲ್ಲೇ ನಿಂತಿದ್ದೆ.

ಕೋಳಿಗೆ ಹಲ್ಲಿಲ್ಲ. ಸಣ್ಣ ಕಲ್ಲು ನುಂಗಿ, ಹೊಟ್ಟೆಯೊಳಗಿನ ಗಟ್ಟಿ ಚೀಲದಲ್ಲಿ ಆ ಕಲ್ಲುಗಳಿಂದಲೇ ಕಾಳು ಅರೆದುಕೊಳ್ಳುತ್ತದೆ. ಅಡುಗೆ ಮಾಡುವ ಹೆಂಗಸರಿಗೆಲ್ಲ ಗೊತ್ತಿರುವ ಸಂಗತಿ. ಸಿದ್ದಾಜಕ್ಕ ಆ ಚೀಲವನ್ನು ಬಿಡಿಸಿ ನೀರಲ್ಲಿ ಅಲುಗಿಸಿದಳು. ಅಂಗೈ ಚಾಚಿಕೊಂಡು ನನ್ನ ಮುಂದೆ ಬಂದು ನಿಂತಳು. ಕಲ್ಲಿನ ಚೂರುಗಳ ನಡುವೆ ಹತ್ತು ಹನ್ನೆರಡು ಬೂದುಬಣ್ಣದ ಹನಿಗಳು. ಅರೆದು ಅರೆದು ನುಣುಪಾಗಿ ಹೊಳೆಯುತ್ತಿದ್ದವು.

"ಇದು ನನ್ನ ಕೈಗುಣವಾ, ನಿನ್ನ ಮಾವನ ಸೀಸವಾ?"

ಮಾವ ಜಗಲಿಯಿಂದಲೇ ಗದರಿದರು. "ನಮ್ಮಪ್ಪ ಎರೆದ, ಅವರಪ್ಪ ಎರೆದ. ಯಾರು ಸತ್ತರು?"

ಅವರೆಲ್ಲ ಎರೆದದ್ದು ಹೊಳೆಯ ದಂಡೆಯಲ್ಲಿ. ಅದನ್ನು ಬಾಯಿಬಿಟ್ಟು ಹೇಳಲು ನನಗೆ ಧೈರ್ಯವಾಗಲಿಲ್ಲ. ಏಕೆಂದರೆ ಅಷ್ಟು ದೂರ ಕುಂಟುತ್ತಾ ಹೋಗುವ ಮಾವನನ್ನು ನೋಡಲಾರದೆ, "ಇಲ್ಲೇ ಹಿತ್ತಿಲಲ್ಲಿ ಎರೆದುಕೊಳ್ಳಿ ಮಾವ, ಮಗೂನೂ ನಿಮ್ಮ ಕಣ್ಣ ಮುಂದೆ ಆಡ್ಕೊಂಡಿರುತ್ತೆ" ಎಂದು ಒಲೆಗೆ ಮೂರು ಕಲ್ಲು ಹೊಂದಿಸಿಕೊಟ್ಟವಳು ನಾನು. ಅಚ್ಚಿನಿಂದಾಚೆ ಸಿಡಿದ ಹನಿಗಳನ್ನು ಕೋಳಿಗಳು ಕಲ್ಲೆಂದು ಹೆಕ್ಕಿದ್ದವು. ಮಗು?

ಹೊನ್ನಿಯನ್ನು ಇಳಿಸಿ ಬಾಯೊಳಗೆ ಬೆರಳು ಹಾಕಿದೆ. ಏನೂ ಇರಲಿಲ್ಲ. ಅವಳ ಅಡುಗೆಯಾಟದ ಕುಡಿಕೆಗಳನ್ನು ಮೊಗಚಿದೆ. ಮೂರನೆಯ ಕುಡಿಕೆಯಿಂದ ಸೀಸದ ಹನಿಗಳು ಬಳಬಳ ಸುರಿದವು.

"ಅದು ಕಾಳು, ಅವ್ವ" ಎಂದಳು ಹೊನ್ನಿ. "ಕೋಳಿ ತಿಂತಾವೆ. ನಾನೂ ತಿಂದೆ."

ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆಯ ಫೋಟೋ ತೆಗೆದರು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದಾಗ ಮೂರು ಬಿಳಿ ಚುಕ್ಕೆಗಳು ಕಂಡವು. "ಇನ್ನು ಹದಿನೈದು ದಿನ ತಡ ಮಾಡಿದ್ದರೆ" ಎಂದು ಶುರು ಮಾಡಿದವರು ನನ್ನ ಮುಖ ನೋಡಿ ಚೀಟಿ ಬರೆಯತೊಡಗಿದರು. ಒಂದೂವರೆ ತಿಂಗಳು ಅಲ್ಲೇ ಇದ್ದೆವು. ಇತ್ತ ಮಾವ ಹಿತ್ತಿಲ ಮರಳನ್ನೆಲ್ಲ ಜರಡಿ ಹಿಡಿದರಂತೆ. ಯಾರಾದರೂ ಕೈ ಹಾಕಲು ಹೋದರೆ ಹತ್ತಿರ ಬಿಡಲಿಲ್ಲವಂತೆ. ಮತ್ತೆ ಅವರು ಸೌಟು ಮುಟ್ಟಲಿಲ್ಲ.

ಹೊನ್ನಿ ಉಳಿದಳು. ಪೂರ್ತಿ ಉಳಿದಳು ಎಂದು ಬರೆದರೆ ಸುಳ್ಳಾಗುತ್ತದೆ. ಮುಂದೆ ಶಾಲೆಯಲ್ಲಿ ಅಕ್ಷರಗಳು ಅವಳ ತಲೆಯಲ್ಲಿ ನಿಲ್ಲಲಿಲ್ಲ. ಇಂದು ಕಲಿತದ್ದು ನಾಳೆಗೆ ಇಲ್ಲ. ದೊಡ್ಡವಳಾದ ಮೇಲೆ ಅವಳನ್ನು ರಾತ್ರಿ ಶಾಲೆಗೆ ಸೇರಿಸಿ, ಜೊತೆಗಿರಲೆಂದು ಪಕ್ಕದಲ್ಲಿ ಕೂತೆ. ಕಲಿತವಳು ನಾನು. ಅದು ಸೀಸದಿಂದಲೇ ಆದದ್ದೋ, ಅವಳು ಹುಟ್ಟಿದ್ದೇ ಹಾಗೋ, ಯಾವ ಡಾಕ್ಟರೂ ಖಂಡಿತವಾಗಿ ಹೇಳಲಿಲ್ಲ. ನಾನು ಕೇಳುವುದನ್ನು ನಿಲ್ಲಿಸಿದೆ.

ಆಸ್ಪತ್ರೆಯಿಂದ ಬಂದ ದಿನ ನಮ್ಮ ಮನೆಗೆ ಹೋಗದೆ ಮೊದಲು ಸಿದ್ದಾಜಕ್ಕನ ಬಾಗಿಲಿಗೆ ಹೋದೆ. ಅವಳು ಒಳಗೆ ಉಣ್ಣಲು ಕೂತಿದ್ದಳು. ತಪ್ಪಾಯಿತು ಅನ್ನಲು ಬಂದವಳು, ಹೊನ್ನಿಯನ್ನು ಎತ್ತಿಕೊಂಡೇ ಹೊಸ್ತಿಲ ಹೊರಗೆ ನಿಂತೆ.

"ಸಿದ್ದಾಜಕ್ಕ" ಎಂದೆ.

ಅವಳು ನನ್ನನ್ನು ನೋಡಲಿಲ್ಲ. ಮಗುವನ್ನು ನೋಡಿದಳು. "ಎತ್ಕೊಂಡೇ ಇರ್ತೀಯಾ? ನೆಲಕ್ಕೆ ಬಿಡು, ನಡೀತದಾ ನೋಡಾಣ."

ಇಳಿಸಿದೆ. ಹೊನ್ನಿ ಬಾಗಿಲುವಾಡ ಹಿಡಿದು ನಿಂತಳು. ಕೈ ಬಿಟ್ಟಳು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಒಳಗಿನ ಕತ್ತಲಿಗೆ ನಡೆದು ಹೋದಳು. ನನ್ನನ್ನು ಯಾರೂ ಬಾ ಎನ್ನಲಿಲ್ಲ. ನಾನು ಹೊರಗೆ ಮೆಟ್ಟಿಲ ಮೇಲೆ, ಬೀದಿಗೆ ಮುಖ ಮಾಡಿ ಕೂತೆ. ಒಳಗೆ ತಟ್ಟೆಯ ಸದ್ದಾಯಿತು. ಅನ್ನ ಕಲಸುವ ಸದ್ದು. ಮಗು ತುತ್ತನ್ನು ಉಗುಳುತ್ತದೇನೋ ಎಂದು ಕಿವಿಗೊಟ್ಟೆ.

"ಇನ್ನೊಂದು ತುತ್ತು" ಎಂದಳು ಹೊನ್ನಿ.