ಸುಕ್ಕುಬಿದ್ದ ಹಾಸಿಗೆ

ಕಾಯವನ್ನು ಕೊಟ್ಟವನೂ, ಅದು ಸೋತಾಗ ಕಾಯಲು ಅನ್ಯರ ಕೈಗಳಲ್ಲಿ ಬಂದು ನಿಲ್ಲುವವನೂ ಒಬ್ಬನೇ ಆಗಿರುವ ಪರಮಾತ್ಮನಿಗೆ ಮೊದಲ ನಮನ. ನಾಲಗೆಯಲ್ಲಿ ನೆಲೆಸಿದ ವಾಗ್ದೇವಿ ಮಾತಿನೊಡನೆ ಧೈರ್ಯವನ್ನೂ ಕರುಣಿಸಲಿ. ಈ ಕಥೆ ಆಡಬೇಕಾದಲ್ಲಿ ಮಾತನ್ನು ಆಡಿದವಳದು.

ಶುಶ್ರೂಷೆಯ ವಿದ್ಯೆ ಕಲಿಯಲು ಬಂದ ಆ ಹುಡುಗಿಗೆ ‘ಇಸ್ತ್ರಿ’ ಎಂಬ ಅಡ್ಡಹೆಸರು ಬಿದ್ದದ್ದು ಮೊದಲ ವರ್ಷದಲ್ಲೇ. ತರಗತಿಯ ಮಂಚದಲ್ಲಿ ರಬ್ಬರ್ ಗೊಂಬೆಯ ಕೆಳಗೆ ಅವಳು ಹಾಸಿದ ಚಾದರದಲ್ಲಿ ಸುಕ್ಕೆಂಬುದು ಹುಡುಕಿದರೂ ಸಿಗುತ್ತಿರಲಿಲ್ಲ. ತರಗತಿಯಲ್ಲಿ ಪಾಠ ಹೇಳಿ ವಾರ್ಡನ್ನೂ ಆಳುತ್ತಿದ್ದ ಹಿರಿಯ ದಾದಿಯನ್ನು ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಆಕೆ ಆ ಹಾಸಿಗೆಯನ್ನು ಉಳಿದವರಿಗೆ ತೋರಿಸಿ, “ನೋಡ್ರೇ, ಕಣ್ಣಿಗೆ ಒತ್ತಿಕೊಳ್ಳೋ ಹಾಗಿದೆ” ಎಂದಾಗ ಹುಡುಗಿಗೆ ಸ್ವರ್ಗಕ್ಕೆ ಮೂರೇ ಗೇಣು. ಗೊಂಬೆಯ ಬೆನ್ನು ನೋಯುವುದಿಲ್ಲವೆಂಬ ಸಂಗತಿ ಆಗ ಅವಳಿಗೆ ಹೊಳೆಯಲಿಲ್ಲ.

ಎರಡನೆಯ ವರ್ಷ ಹೆಂಗಸರ ವಾರ್ಡಿನಲ್ಲಿ ಕೆಲಸ. ಕಿಟಕಿಯ ಪಕ್ಕದ ಮಂಚದಲ್ಲಿ ಪಾರ್ಶ್ವವಾಯುವಿನಿಂದ ಎಡಮೈ ಸ್ವಾಧೀನ ತಪ್ಪಿದ ಮುದುಕಿಯೊಬ್ಬಳಿದ್ದಳು. ಜೀವಮಾನವೆಲ್ಲ ಬಟ್ಟೆ ಹೊಲಿದವಳಾದ್ದರಿಂದ ವಾರ್ಡಿಗೆಲ್ಲ ದರ್ಜಿ ಅಜ್ಜಿ. ಕೈಕಾಲು ಸೋತಿದ್ದರೂ ನಾಲಗೆಯ ಕತ್ತರಿ ಮೊಂಡಾಗಿರಲಿಲ್ಲ.

ಆ ವಾರ್ಡಿನಲ್ಲೊಂದು ಪದ್ಧತಿಯಿತ್ತು. ದೊಡ್ಡ ಡಾಕ್ಟರು ರೌಂಡ್ಸಿಗೆ ಬರುವ ಮುನ್ನ ರೋಗಿಗಳನ್ನೆಲ್ಲ ಅಂಗಾತ ಮಲಗಿಸಿ, ಕೈಗಳನ್ನು ಪಕ್ಕಕ್ಕಿರಿಸಿ, ಹೊದಿಕೆಯನ್ನು ಎದೆಯವರೆಗೆ ಎಳೆದು, ಕವಾಯತಿನ ಸಿಪಾಯಿಗಳಂತೆ ಸಾಲುಗೂಡಿಸಬೇಕು. ಡಾಕ್ಟರು ತಡಮಾಡಿದಷ್ಟೂ ಕವಾಯತು ಉದ್ದ. ನಡುವೆ ಯಾರನ್ನೂ ಮಗ್ಗುಲಾಗಿಸುವಂತಿಲ್ಲ, ಚಾದರ ಸುಕ್ಕಾಗುತ್ತದೆ.

“ನಾನೇನು ಅಂಗಡೀಲಿಟ್ಟ ಬಟ್ಟೆ ಥಾನಾ ಮಗಳೇ, ಹೀಗೆ ನೀಟಾಗಿ ಸುತ್ತಿಡೋಕೆ?” ಎಂದಳು ಅಜ್ಜಿ ಒಂದು ಬೆಳಿಗ್ಗೆ.

“ಸ್ವಲ್ಪ ಹೊತ್ತು ಅಜ್ಜಿ. ಡಾಕ್ಟರು ಬಂದು ಹೋಗ್ಲಿ.”

ಅಂದು ಡಾಕ್ಟರು ಬಂದದ್ದು ಊಟದ ಗಾಡಿ ಬಂದ ಮೇಲೆ. ಅವರು ಹೋದ ಬಳಿಕ ಅಜ್ಜಿಯನ್ನು ಮಗ್ಗುಲಾಗಿಸಿ ಬೆನ್ನೊರೆಸುತ್ತಿದ್ದ ಹುಡುಗಿಯ ಕೈ ತಟ್ಟನೆ ನಿಂತಿತು. ಬೆನ್ನಿನ ಬುಡದಲ್ಲಿ, ಮೂಳೆಯ ಎಡಕ್ಕೆ, ಅಂಗೈಯಗಲ ಕೆಂಪು. ಬೆರಳಿನಿಂದ ಒತ್ತಿ ತೆಗೆದಳು. ನೆಟ್ಟಗಿರುವ ಚರ್ಮ ಒತ್ತಿದಲ್ಲಿ ಕ್ಷಣಕಾಲ ಬಿಳಿಚಬೇಕು. ಇದು ಬಿಳಿಚಲಿಲ್ಲ. ಹೀಗೇ ಬಿಟ್ಟರೆ ಚರ್ಮ ಒಡೆದು ಎಲುಬು ಕಾಣುವ ಹುಣ್ಣಾಗುತ್ತದೆ.

“ನೋವಾಗ್ತಿಲ್ವಾ ಅಜ್ಜಿ?”

“ಆ ಕಡೆ ನಂದು ಅನ್ನೋದೇ ಮರೆತುಹೋಗಿದೆ. ಇನ್ನು ನೋವೆಲ್ಲಿಂದ ತರ್ಲಿ?”

ಅಜ್ಜಿ ನಕ್ಕಳು. ಹುಡುಗಿಗೆ ನಗು ಬರಲಿಲ್ಲ. ಕೂಗಲಾರದ ಚರ್ಮದ ಮೇಲೆ ನನ್ನ ಹಾಸಿಗೆಯ ಬಿಂಕವನ್ನು ಹೇರಿದೆನಲ್ಲಾ ಎಂದುಕೊಂಡಳು.

ಮರುದಿನ ಬೆಳಿಗ್ಗೆ ಅವಳು ಅಜ್ಜಿಯನ್ನು ಬಲಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಮೊಣಕಾಲುಗಳ ನಡುವೆ ಕಂಬಳಿಯನ್ನು ಮಡಚಿಟ್ಟಳು. ಚಾದರ ಮುದುಡಿತು. ದೊಡ್ಡ ಸಿಸ್ಟರ್ ಬಾಗಿಲಿನಿಂದಲೇ ಕಂಡರು.

“ಏನೇ ಇದು? ಇಸ್ತ್ರಿಯ ಹಾಸಿಗೇನಾ ಇದು? ಅಂಗಾತ ಮಲಗಿಸು.”

“ಬೆನ್ನು ಕೆಂಪಾಗಿದೆ ಸಿಸ್ಟರ್. ಒತ್ತಿದ್ರೂ ಬಿಳಿಚ್ತಿಲ್ಲ.”

“ಡಾಕ್ಟರು ಹೋದ ಮೇಲೆ ಹೊರಳಿಸು. ಬೇಡ ಅಂದೋರ್ಯಾರು?”

“ನಿನ್ನೆ ನಾನೂ ಹಾಗೇ ಅಂದ್ಕೊಂಡೆ. ಕೆಂಪಾಗಿದ್ದೇ ಅದರಿಂದ.”

“ನಿನ್ನೆ ಮೊನ್ನೆ ಕಣ್ಬಿಟ್ಟೋಳು, ನನಗೇ ಪಾಠ ಹೇಳ್ತೀಯಾ? ಇಲ್ಲಿ ನಿನ್ನನ್ನ ಪಾಸು ಮಾಡೋಳು ನಾನು. ಮಾತು ಮೀರಿದ್ರೆ ನಿನ್ನ ವರ್ಷವೇ ಹೋಗುತ್ತೆ, ಗೊತ್ತಾ?”

ಗೊತ್ತಿತ್ತು. “ಕಂಡೋರ ಮಲಮೂತ್ರ ಬಳಿಯೋಕೆ ಓದ್ಬೇಕಾ?” ಎಂದು ಗೊಣಗುತ್ತಲೇ ಕಳಿಸಿದ್ದ ಅಪ್ಪನ ಷರತ್ತು ಒಂದೇ: ಸೋತೆಯೋ, ಗಂಟುಮೂಟೆ ಕಟ್ಟಿ ಮನೆಗೆ ಬಾ. ಅಮ್ಮನದು ಫೋನಿನಲ್ಲಿ ಪ್ರತಿ ಸಲವೂ ಅದೇ ಉಪದೇಶ: “ತಗ್ಗಿ ಬಗ್ಗಿ ನಡಿ ಕಣೇ.” ತಗ್ಗಿದ್ದಾಗಿತ್ತು. ಆದರೆ ತಾನು ತಗ್ಗಿದ್ದಕ್ಕೆ ಕೆಂಪಾದದ್ದು ಇನ್ನೊಬ್ಬರ ಬೆನ್ನು.

“ಹೋದ್ರೆ ಹೋಗ್ಲಿ ಸಿಸ್ಟರ್. ಅಜ್ಜೀನ ಮಾತ್ರ ಅಂಗಾತ ಮಲಗಿಸಲ್ಲ.”

ದೊಡ್ಡ ಸಿಸ್ಟರ್ ತಾವೇ ದಿಂಬಿಗೆ ಕೈಹಾಕಿದರು. ಹುಡುಗಿ ಅಡ್ಡ ನಿಂತಳು. ಕದಲಲಿಲ್ಲ. ಹಿಂದಿನಿಂದ ಅಜ್ಜಿಯ ದನಿ ಬಂತು: “ಮುಟ್ಬೇಡಮ್ಮಾ! ಬೆನ್ನು ನಂದು. ಅಳತೆ ತಗೊಂಡಿರೋದು ಈ ಹುಡುಗಿ.”

ಅಷ್ಟರಲ್ಲಿ ಡಾಕ್ಟರು ಒಳಗೆ ಬಂದರು. “ಇವರೊಬ್ಬರೇ ಯಾಕೆ ಹೀಗೆ?”

“ಹೊಸ ಹುಡುಗಿ ಸಾರ್, ಶಿಸ್ತು ಗೊತ್ತಿಲ್ಲ” ಎಂದರು ದೊಡ್ಡ ಸಿಸ್ಟರ್.

“ನಾನೇ ಮಲಗಿಸಿದ್ದು ಸಾರ್. ಬೆನ್ನು ನೋಡಿ.” ಹುಡುಗಿ ಬಟ್ಟೆ ಸರಿಸಿ ಕೆಂಪಿನ ಮೇಲೆ ಬೆರಳೊತ್ತಿ ತೋರಿಸಿದಳು.

ಡಾಕ್ಟರು ಬಗ್ಗಿದರು, ನೋಡಿದರು. “ಹೀಗೇ ಇರ್ಲಿ” ಎಂದು ಮುಂದಿನ ಮಂಚಕ್ಕೆ ನಡೆದರು. ಭೇಷ್ ಎನ್ನಲಿಲ್ಲ, ಉಳಿದವರ ಬೆನ್ನು ಹೇಗಿದೆಯೆಂದು ಕೇಳಲೂ ಇಲ್ಲ.

ಆ ಪ್ರಶ್ನೆಯನ್ನು ಹುಡುಗಿಯೇ ಕೇಳಿದಳು. ಪಕ್ಕದ ಮಂಚದವಳ ಬಳಿಗೆ ಹೋಗಿ, ಎಲ್ಲರೆದುರಿಗೇ, “ಅಕ್ಕಾ, ಯಾವ ಮಗ್ಗುಲಿಗೆ ತಿರುಗ್ತೀರಿ?” ಎಂದಳು. ಡಾಕ್ಟರು ವಾರ್ಡು ದಾಟುವಷ್ಟರಲ್ಲಿ ಸಿಪಾಯಿಗಳ ಸಾಲು ಚದುರಿತ್ತು.

ದೊಡ್ಡ ಸಿಸ್ಟರ್ ನುಡಿದಂತೆಯೇ ನಡೆದುಕೊಂಡರು. “ಪಾಸು ಮಾಡಲ್ಲ. ಎರಡನೇ ವರ್ಷ ಮತ್ತೆ ಮೊದಲಿಂದ ಮಾಡು.”

“ಮಾಡ್ತೀನಿ ಸಿಸ್ಟರ್. ಈ ವಾರ್ಡಿಗೇ ಹಾಕಿ.”

ಸಂಜೆ ಫೋನಿನಲ್ಲಿ ಸುದ್ದಿ ಕೇಳಿದ ಅಪ್ಪ, “ಅಂತೂ ಸೋತೆ. ಹೊರಟು ಬಾ” ಎಂದ.

“ಫೇಲಾಗಿದೀನಿ ಅಪ್ಪಾ, ಸೋತಿಲ್ಲ. ಬರಲ್ಲ.”

ಕೆಲವು ದಿನಗಳಾದ ಮೇಲೆ ಅವಳು ಅಜ್ಜಿಯ ಬೆನ್ನಿನ ಮೇಲೆ ಬೆರಳೊತ್ತಿ ತೆಗೆದಳು. ಚರ್ಮ ಬಿಳಿಚಿತು, ಮೆಲ್ಲನೆ ರಕ್ತ ಮರಳಿತು.

“ಏನೇ, ಹೊಲಿಗೆ ಬಿಚ್ಚಿಲ್ಲ ತಾನೇ?” ಎಂದಳು ಅಜ್ಜಿ.

“ಗಟ್ಟಿಯಾಗಿದೆ ಅಜ್ಜಿ” ಎಂದು ಹುಡುಗಿ ಅವಳನ್ನು ಮತ್ತೊಂದು ಮಗ್ಗುಲಿಗೆ ಹೊರಳಿಸಿದಳು. ಚಾದರ ಸುಕ್ಕಾಯಿತು. ಬೆನ್ನಿನಡಿ ಬಂದ ಮಡಿಕೆಯನ್ನಷ್ಟೇ ಬಿಡಿಸಿದಳು. ಉಳಿದದ್ದನ್ನು ಹಾಗೆಯೇ ಬಿಟ್ಟಳು.

ಈ ಕಥೆಗೆ ಕಿವಿಗೊಟ್ಟ ಸರ್ವರಿಗೂ, ಹಾಸಿಗೆ ಹಿಡಿದ ದಿನ, ಮಗ್ಗುಲು ಬದಲಿಸುವ ಕೈಯೊಂದನ್ನು ದೇವರು ದಯಪಾಲಿಸಲಿ. ಆ ಕೈಯನ್ನು ತಡೆಯುವವರಿಗೆ ಎದುರಾಡುವ ಬಾಯಿಯನ್ನೂ ಅದರ ಜೊತೆಗೇ ಕೊಡಲಿ. ಎಲ್ಲರಿಗೂ ಒಳಿತಾಗಲಿ.