ಬೋಗುಣಿಯ ತಗ್ಗು

ಅತ್ತೆ ಹಾಸ್ಟೆಲೊಂದರಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವರು. ಆ ಕಟ್ಟಡ ಕೆಡವುವಾಗ ಅಡುಗೆಮನೆ ಕಿಟಕಿಯ ಹಸಿರು ಗಾಜನ್ನು ಟವೆಲಿನಲ್ಲಿ ಸುತ್ತಿ ತಂದು ಸೊಸೆಯ ಮುಂದಿಟ್ಟರು. ಜೊತೆಗೆ ತಾವು ಬಡಿಸುತ್ತಿದ್ದ ಅಗಲವಾದ ಸ್ಟೀಲ್ ಬೋಗುಣಿ.

"ಈ ಗಾಜಲ್ಲಿ ನಂಗೆ ಇಂಥದ್ದೇ ಒಂದು ಮಾಡ್ಕೊಡು."

ಗಾಜನ್ನು ಕುಲುಮೆಯಲ್ಲಿ ಮೆತ್ತಗೆ ಮಾಡಿ ಅಚ್ಚಿನ ಆಕಾರಕ್ಕೆ ಬಾಗಿಸುವುದು ಸೊಸೆಯ ಕಸುಬು. ಆದರೆ ಇದ್ದದ್ದು ಒಂದೇ ಗಾಜು, ಒಡೆದರೆ ಇನ್ನೊಂದಿಲ್ಲ.

ಅಚ್ಚಿಗೆ ಯಾವ ಲೋಹ ಎಂದು ಅವಳು ಬಾಯಿಬಿಟ್ಟದ್ದೇ ತಡ, ಮಾವ ಕುರ್ಚಿ ಎಳೆದುಕೊಂಡರು. ಜೀವಮಾನವಿಡೀ ಪಾತ್ರೆ ರಿಪೇರಿ ಮಾಡಿದ ಮನುಷ್ಯನನ್ನು ಬಿಟ್ಟು ಲೋಹದ ಮಾತೇ!

"ತಾಮ್ರ ಹಾಕು."

"ಆ ಕಾವಿಗೆ ಅದರ ಮೈ ಸುಲಿದು ಗಾಜಿಗೆ ಅಂಟುತ್ತೆ, ಮಾವ."

"ಅಲ್ಯೂಮಿನಿಯಂ?"

"ಗಾಜು ಬಾಗೋದ್ರೊಳಗೆ ಅದೇ ಕರಗಿ ನೀರಾಗಿರುತ್ತೆ."

"ಸರಿ ಬಿಡು, ನಂಗೇನೂ ಗೊತ್ತಿಲ್ಲ!" ಮಾವ ಮುಖ ಊದಿಸಿಕೊಂಡರು, ಕುರ್ಚಿ ಮಾತ್ರ ಬಿಡಲಿಲ್ಲ.

ಕೊನೆಗೆ ಅಚ್ಚಾಗಿ ಗೆದ್ದದ್ದು ಅತ್ತೆಯ ಸ್ಟೀಲ್ ಬೋಗುಣಿಯೇ. ಸೊಸೆ ಅದನ್ನು ಬೋರಲು ಹಾಕಿದಳು.

"ಪಾತ್ರೆ ಅಂದ್ಮೇಲೆ ಒಳಗೆ ತಾನೇ ಹಾಕೋದು?" ಅತ್ತೆ ಹುಬ್ಬು ಗಂಟಿಕ್ಕಿದರು.

"ಆರುವಾಗ ಸ್ಟೀಲು ಗಾಜಿಗಿಂತ ಜಾಸ್ತಿ ಕುಗ್ಗುತ್ತೆ, ಅತ್ತೆ. ಒಳಗಿಟ್ರೆ ಗಾಜನ್ನ ಹಿಚುಕಿ ಒಡೆದುಬಿಡುತ್ತೆ. ಮೇಲಿಟ್ರೆ ತಾನಾಗೇ ಬಿಟ್ಟುಕೊಡುತ್ತೆ."

ಬೋರಲು ಹಾಕಿದ ಮೇಲೆಯೇ ಬೋಗುಣಿಯ ಹೊರಮೈಯಲ್ಲಿದ್ದ ತಗ್ಗು ಕಣ್ಣಿಗೆ ಬಿದ್ದದ್ದು. ಗಾಜು ಅಲ್ಲಿ ಸಿಕ್ಕಿಕೊಂಡರೆ ಎಲ್ಲ ಮುಗಿಯಿತು. ಸೊಸೆ ಬಾಯಿ ತೆರೆಯುವಷ್ಟರಲ್ಲಿ ಮಾವ ಮರದ ಸುತ್ತಿಗೆ ಹಿಡಿದು ಹಾಜರ್.

ಅತ್ತೆ ಕೈ ಅಡ್ಡ ಇಟ್ಟರು. "ಮುಟ್ಟಿದ್ರೆ ಜೋಕೆ! ಬಡಿಸುವಾಗ ನನ್ನ ಹೆಬ್ಬೆರಳು ಅಲ್ಲೇ ಕೂರ್ತಿತ್ತು."

ಮಾವ ಸುತ್ತಿಗೆ ಕೆಳಗಿಟ್ಟು ತಗ್ಗನ್ನು ಬೆರಳಿಂದ ಸವರಿದರು. "ಅಂಚು ಮಾತ್ರ ಚೂಪಾಗಿದೆ. ಅಷ್ಟನ್ನ ಉಜ್ಜಿ ನುಣ್ಣಗೆ ಮಾಡ್ತೀನಿ. ತಗ್ಗು ಹಾಗೇ ಇರ್ಲಿ. ಗಾಜು ಜಾರಿಬರುತ್ತೆ, ನೋಡ್ತಿರು."

ಅವರು ಮಧ್ಯಾಹ್ನವೆಲ್ಲ ಕೂತು ಉಜ್ಜಿದರು. ಗಾಜು ಅಂಟದಿರಲೆಂದು ಸೊಸೆ ಬೋಗುಣಿಗೆ ಬಿಳಿ ಲೇಪ ಹಚ್ಚಿ, ದುಂಡಗೆ ಕತ್ತರಿಸಿದ ಗಾಜನ್ನು ಮೇಲಿಟ್ಟು, ಕುಲುಮೆಯ ಬಾಗಿಲು ಮುಚ್ಚಿದಳು.

ಮರುದಿನ ಪೂರ್ತಿ ಆರಿದ ಮೇಲೆ ಗಾಜನ್ನು ಮೇಲಕ್ಕೆತ್ತಿದಳು. ಅದು ಬರಲಿಲ್ಲ. ಮಾವ ಬೋಗುಣಿಯ ಅಂಚಿಗೆ ಬೆರಳಲ್ಲಿ ಎರಡು ಸಲ ತಟ್ಟಿದರು. ಟಕ್ಕೆಂದು ಬಿಟ್ಟುಕೊಂಡಿತು, ಒಂದು ಬಿರುಕೂ ಇಲ್ಲದೆ. ಸೊಸೆಗೆ ಕುಣಿಯುವಷ್ಟು ಖುಷಿಯಾಯಿತು.

ಅತ್ತೆ ಹಸಿರು ಬೋಗುಣಿಯನ್ನು ಬಡಿಸಲು ಹೊರಟವರ ಹಾಗೆ ಹಿಡಿದರು. ಹೆಬ್ಬೆರಳು ಹುಡುಕಾಡದೆ ತನ್ನ ಜಾಗದಲ್ಲಿ ಕೂತಿತು. ಅವರ ಕಣ್ಣು ತುಂಬಿ ಬಂತು, ಗಂಟಲು ಮಾತ್ರ ಹಳೆಯ ಗತ್ತಿನದೇ.

"ಏನು ನೋಡ್ತಾ ನಿಂತಿದ್ದೀರಾ? ಸಾಲಾಗಿ ಕೂತ್ಕೊಳ್ಳಿ."

ಮಾವ, ಸೊಸೆ ಇಬ್ಬರೂ ತೆಪ್ಪಗೆ ಕೂತರು.